ಹೆಸರು ಕೂಗದ ಮೈಕಮ್ಮ

ಬೆಳಿಗ್ಗೆ ಆರು ಗಂಟೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಇನ್ನೂ ಯಾರ ಸುಳಿವೂ ಇಲ್ಲ. ಹನ್ನೊಂದನೇ ನಂಬರಿನ ಕೋಣೆಯ ಎದುರು ನೆಲ ಒರೆಸಿ ಮುಗಿಸಿದ ಮೈಕಮ್ಮ ಬಕೆಟ್ಟನ್ನು ಮೂಲೆಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬೀರುವಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆಯುತ್ತಾರೆ. ಒಳಗಿರುವುದು ಅಂಗಿ ಗುಂಡಿಗಳು. ಕಪ್ಪು, ಕೆಂಪು, ಚಿಪ್ಪಿನ ಬಣ್ಣ, ಆಮೆಯ ಬೆನ್ನಿನಂಥ ಕಂದು. ಒಂದೊಂದು ಬಗೆಯವು ಎರಡೆರಡು. ಅವನ್ನು ಮೇಜಿನ ಮೇಲೆ ಜೋಡಿಜೋಡಿಯಾಗಿ ಇಡುತ್ತಾ ಹೋಗುತ್ತಾರೆ. ಒಟ್ಟು ಮೂವತ್ತು ಜೋಡಿ ಆಗಬೇಕು, ಇಪ್ಪತ್ತೊಂಬತ್ತಕ್ಕೆ ನಿಲ್ಲುತ್ತದೆ. ಕೊನೆಯಲ್ಲಿ ಹಸಿರು ಗುಂಡಿಯೊಂದು ಒಂಟಿಯಾಗಿ ಉಳಿಯುತ್ತದೆ.

"ಅದರ ಜೊತೆಯದು ಹೊರಗಿದೆ. ಇವತ್ತು ಬರಬೇಕು," ಎನ್ನುತ್ತಾರೆ. ಮೈಕಮ್ಮನ ದನಿ ಎಷ್ಟು ಸಣ್ಣದೆಂದರೆ, ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಬೇಕು.

ಈ ಹೆಸರು ಅವರಿಗೆ ಬಂದದ್ದು ಮೂಳೆ ವಿಭಾಗದಲ್ಲಿ. ಒಂಬತ್ತು ವರ್ಷ ಅಲ್ಲಿ ಅಟೆಂಡರ್ ಆಗಿದ್ದರು. ಊರುಗೋಲು, ಗಾಲಿಕುರ್ಚಿ, ಅಳುವ ಕೂಸುಗಳ ಗದ್ದಲದಲ್ಲಿ ಇನ್ನೂರು ಜನರನ್ನು ಸರದಿಯಂತೆ ಒಳಗೆ ಬಿಡಬೇಕಿತ್ತು. ಇವರು ಕೂಗಿದರೆ ಗೇಟಿನಾಚೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿಬರುತ್ತಿದ್ದರು. "ಈಯಮ್ಮ ಇರುವಾಗ ಮೈಕು ಯಾಕ್ರೀ ದಂಡಕ್ಕೆ?" ಎಂದು ಅಲ್ಲಿನ ದೊಡ್ಡ ಡಾಕ್ಟರು ನಕ್ಕದ್ದೇ ತಡ, ಮೈಕಮ್ಮ ಎಂಬುದು ನಿಂತೇಬಿಟ್ಟಿತು. ಆ ಗಂಟಲಿನ ಬಗ್ಗೆ ಅವರಿಗೂ ಒಳಗೊಳಗೇ ಜಂಬ ಇತ್ತು.

ಎಂಟು ತಿಂಗಳ ಹಿಂದೆ ಇಲ್ಲಿಗೆ ವರ್ಗವಾಯಿತು. ಹದಿಹರೆಯದ ಮಕ್ಕಳ ಮನೋವೈದ್ಯ ವಿಭಾಗ: ಸೋಮವಾರ, ಗುರುವಾರ ಎರಡೇ ದಿನ, ಒಬ್ಬ ಡಾಕ್ಟರಮ್ಮ, ಹನ್ನೊಂದು ಕುರ್ಚಿ, ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಮಕ್ಕಳು. ಹೊಸಬರಾದರೆ ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆಯಾದರೂ ಬೇಕು. "ಕೂತು ತೂಕಡಿಸೋ ಕೆಲಸ ಸಿಕ್ತು ಬಿಡು," ಎಂದು ಜೊತೆಯವರು ಹೊಟ್ಟೆಕಿಚ್ಚು ಪಟ್ಟರು.

ಎರಡನೇ ವಾರದಲ್ಲೇ ಒಂದು ತಪ್ಪು ನಡೆಯಿತು. ಹದಿನಾರು ವರ್ಷದ ಹುಡುಗಿ ತಾಯಿಯ ಜೊತೆ ಬಂದು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಸರದಿ ಬಂತು. ಮೈಕಮ್ಮ ಮೂಳೆ ವಿಭಾಗದ ರೂಢಿಯಂತೆ ಎದೆ ತುಂಬಾ ಉಸಿರೆಳೆದು, ಹುಡುಗಿಯ ಹೆಸರು, ತಂದೆಯ ಹೆಸರು ಎರಡನ್ನೂ ಸೇರಿಸಿ, "ಮನಸ್ಸಿನ ಡಾಕ್ಟರ ಹತ್ರ ಬನ್ನಿ" ಎಂದು ಕೂಗಿದರು. ಮೊಗಸಾಲೆಯ ಆ ತುದಿಯಲ್ಲಿ ಔಷಧಿಗೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವರಲ್ಲಿ ಒಬ್ಬಾಕೆ ಆ ಹುಡುಗಿಯ ಸಹಪಾಠಿಯ ತಾಯಿ.

ಹುಡುಗಿ ಎದ್ದಳು. ಕೋಣೆಯ ಕಡೆಗಲ್ಲ, ಗೇಟಿನ ಕಡೆಗೆ ನಡೆದಳು. ಮರುದಿನ ಶಾಲೆಗೆಲ್ಲ ಗೊತ್ತಾಗಿತ್ತು. ಡಾಕ್ಟರಮ್ಮ ಎರಡು ಸಲ ಫೋನ್ ಮಾಡಿದರು. ಎರಡನೇ ಸಲ ಹುಡುಗಿಯ ತಂದೆ, "ನಮ್ಮ ಮಗಳಿಗೇನೂ ಹುಚ್ಚು ಹಿಡಿದಿಲ್ಲ" ಎಂದು ಫೋನ್ ಇಟ್ಟುಬಿಟ್ಟರು.

"ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು," ಎನ್ನುತ್ತಾರೆ ಮೈಕಮ್ಮ. "ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ನಮ್ಮಕ್ಕನ ಡಬ್ಬಿ ಎತ್ಕೊಂಡು ಬಂದೆ."

ಅಕ್ಕ ದರ್ಜಿ. ಹೊಲಿದು ಉಳಿದ ಗುಂಡಿಗಳನ್ನು ಎಸೆಯದೆ ಕೂಡಿಟ್ಟಿದ್ದರು. ಈಗ ಹನ್ನೊಂದನೇ ಕೋಣೆಯ ಎದುರು ಯಾರ ಹೆಸರೂ ಕೇಳಿಸುವುದಿಲ್ಲ. ಬಂದ ಮಗುವಿಗೆ ಡಬ್ಬಿ ಒಡ್ಡುತ್ತಾರೆ. ತನಗೆ ಬೇಕಾದ ಗುಂಡಿಯನ್ನು ಅದು ಆರಿಸಿಕೊಳ್ಳುತ್ತದೆ. ಅದರ ಜೊತೆಯದನ್ನು ಇವರು ಆ ಮಗುವಿನ ಫೈಲಿಗೆ ದಾರದಿಂದ ಕಟ್ಟುತ್ತಾರೆ. ಸರದಿ ಬಂದಾಗ ಆ ಗುಂಡಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕುರ್ಚಿಗಳ ಮುಂದೆ ಸುಮ್ಮನೆ ನಡೆದುಹೋಗುತ್ತಾರೆ, ಕಸ ಹುಡುಕುವವರಂತೆ. ತನ್ನ ಗುಂಡಿ ಕಂಡ ಮಗು ಎದ್ದು ಒಳಗೆ ಹೋಗುತ್ತದೆ. ಮನೆಗೆ ಹೊರಡುವಾಗ ಎರಡೂ ಗುಂಡಿಗಳು ಡಬ್ಬಿಗೆ ಮರಳುತ್ತವೆ. ಮೊದಲ ವಾರ ಡಾಕ್ಟರಮ್ಮ, "ಇದೇನು ಚೌಕಾಬಾರ ಆಟ?" ಎಂದು ಹುಬ್ಬೇರಿಸಿದ್ದರಂತೆ. ಈಗ ಅವರೇ ಹೊಸ ಗುಂಡಿ ಸಿಕ್ಕರೆ ತಂದುಕೊಡುತ್ತಾರೆ.

ಕುರ್ಚಿಗಳ ಮುಂದೆ ನಡೆಯುತ್ತಾ ನಡೆಯುತ್ತಾ ಮೈಕಮ್ಮ ಕಲಿತದ್ದು ಬಹಳ. "ಕಾಲು ಮುರಿದವರು ಎಲ್ಲಿ ನೋವು ಅಂದ್ರೆ ಬೆರಳು ಮಾಡಿ ತೋರಿಸ್ತಾರೆ. ಈ ಮಕ್ಕಳು ಹೊಟ್ಟೆನೋವು ಅಂತಾರೆ, ತಲೆನೋವು ಅಂತಾರೆ. ಕೆಲವರು ಅಪ್ಪ ಅಮ್ಮನ ಮೇಲೆ ಹಾರಾಡ್ತಾರೆ. ಕೊಬ್ಬು ಅಂತ ಬೈಸ್ಕೊಂಡೇ ಇಲ್ಲಿಗೆ ಬಂದಿರ್ತಾರೆ ಪಾಪ. ಇನ್ನು ಕೆಲವರು 'ಏನಿಲ್ಲ ಬಿಡಿ' ಅಂತಾರೆ. ನನಗೆ ಅವರನ್ನ ಕಂಡ್ರೇ ಜಾಸ್ತಿ ಭಯ."

ಡಾಕ್ಟರಮ್ಮ ಈ ಮಾತನ್ನು ಒಪ್ಪುತ್ತಾರೆ. ಈ ವಯಸ್ಸಿನ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ, ಸಿಡುಕಾಗಿಯೂ ಬರುತ್ತದೆ, ಹಗಲಿಡೀ ನಿದ್ದೆಯಾಗಿಯೂ ಬರುತ್ತದೆ ಎನ್ನುತ್ತಾರೆ. "ಏನು ಕಡಿಮೆ ಮಾಡಿದ್ದೀವಿ ನಿನಗೆ ಅಂತ ಕೇಳಬೇಡಿ. ಹೇಗಿದ್ದೀಯ ಅಂತ ಕೇಳಿ, ಉತ್ತರ ಬರೋವರೆಗೂ ಕೂತ್ಕೊಳ್ಳಿ." ವಾರವಾರ ಮಾತುಕತೆ, ಅಗತ್ಯವಿದ್ದವರಿಗೆ ಮಾತ್ರೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಮಗು ಒಂದು ದಿನ ನಕ್ಕಿತೆಂದು ಮನೆಯವರು ತಾವಾಗಿ ನಿಲ್ಲಿಸಿಬಿಡುವುದೇ ದೊಡ್ಡ ತಲೆನೋವು.

ಮೈಕಮ್ಮನ ಮನೆಯಲ್ಲಿರುವುದು ಅಕ್ಕ, ತಂಗಿ ಇಬ್ಬರೇ. ಅಕ್ಕನಿಗೆ ಕಿವಿ ಮಂದ. "ಇಲ್ಲಿ ಉಳಿಸಿದ ಗಂಟಲೆಲ್ಲ ಅಲ್ಲಿ ಖರ್ಚು," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ದಿನವಿಡೀ ಕಂಡದ್ದು ಎದೆಯಲ್ಲಿ ಭಾರವಾಗಿ ಕೂತಿರುತ್ತದೆ. ಅಕ್ಕನಿಗೆ ಹೇಳಿಕೊಳ್ಳೋಣವೆಂದರೆ ಕೂಗಿಯೇ ಹೇಳಬೇಕು. "ಅಕ್ಕನಿಗೆ ಹೇಳೋದೂ ಒಂದೇ, ಬೀದಿಗೆಲ್ಲ ಹೇಳೋದೂ ಒಂದೇ. ಅದಕ್ಕೆ ಇವತ್ತು ಬಿಸಿಲು ಜೋರು ಅಂತೀನಿ. ಅವಳು ಹೂಂ ಅಂತಾಳೆ. ಉಂಡು ಮಲಗ್ತೀವಿ."

ಕಳೆದ ಸೋಮವಾರ ಹೆಂಗಸೊಬ್ಬರು ಒಂಟಿಯಾಗಿ ಬಂದು ಕಂಬದ ಮರೆಯಲ್ಲಿ ನಿಂತರು. ಮೈಕಮ್ಮನಿಗೆ ಗುರುತು ಹತ್ತಿತು: ಅದೇ ಹುಡುಗಿಯ ತಾಯಿ.

"ಇಲ್ಲಿ ಈಗಲೂ ಹೆಸರು ಕೂಗ್ತಾರಾ?"

"ಇಲ್ಲಮ್ಮ. ಕೂಗಲ್ಲ."

ತಾಯಿ ಕಂಬದ ಮರೆಯಿಂದ ಈಚೆ ಬಂದರು. "ಊಟ ಬಿಟ್ಟಿದ್ದಾಳೆ. 'ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ ಅಲ್ವಾ ಅಮ್ಮ' ಅಂದ್ಲು ನೆನ್ನೆ."

ಮೈಕಮ್ಮ ಸರದಿ ನೋಡಲಿಲ್ಲ. ಕೈ ಹಿಡಿದು ನೇರ ಒಳಗೆ ಕರೆದೊಯ್ದರು. ಡಾಕ್ಟರಮ್ಮ ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿ, ಹುಡುಗಿಯ ಜೊತೆಗೇ ಬಹಳ ಹೊತ್ತು ಮಾತಾಡಿದರು. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿದರು. ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಬೀಗದಲ್ಲಿಡಿ, ಏನೇ ಅನ್ನಿಸಿದರೂ ತಕ್ಷಣ ಕರೆತನ್ನಿ ಎಂದು ತಾಯಿಗೆ ತಿಳಿಸಿ, ತಮ್ಮ ಸ್ವಂತ ನಂಬರು ಬರೆದುಕೊಟ್ಟರು. ಹುಡುಗಿ ಗುರುವಾರ ಬರಲು ಒಪ್ಪಿದಳು. ಹೆಸರು ಕೂಗುವುದಿಲ್ಲ ಎಂದರೆ ಮಾತ್ರ. ತಾಯಿ ಹೊರಡುವಾಗ ಮೈಕಮ್ಮ ಹಸಿರು ಗುಂಡಿಯೊಂದನ್ನು ಅವರ ಕೈಗಿತ್ತು, "ಇದನ್ನ ತೋರಿಸಿ, ನಂಬ್ತಾಳೆ," ಎಂದರು.

ಇವತ್ತು ಆ ಗುರುವಾರ. ಒಂಬತ್ತಕ್ಕೆ ಕುರ್ಚಿಗಳು ತುಂಬುತ್ತವೆ. ಹತ್ತಕ್ಕೂ ಆ ಹುಡುಗಿಯ ಸುಳಿವಿಲ್ಲ. ಹನ್ನೊಂದಕ್ಕೂ ಇಲ್ಲ. ಮೈಕಮ್ಮ ಗುಂಡಿ ಹಿಡಿದು ನಡೆಯುತ್ತಾರೆ, ಪ್ರತಿ ಸಲ ಗೇಟಿನ ಕಡೆ ಒಮ್ಮೆ ನೋಡುತ್ತಾರೆ. ಟೀ ತಂದವನು, "ಏನ್ ಮೈಕಮ್ಮ, ಬೀಗರು ಬರೋರಿದ್ದಾರಾ?" ಎಂದು ಚುಡಾಯಿಸುತ್ತಾನೆ. ಟೀ ಲೋಟದಲ್ಲೇ ಆರಿ ಕೆನೆಗಟ್ಟುತ್ತದೆ.

ಹನ್ನೊಂದೂ ಮುಕ್ಕಾಲಿಗೆ ಒಬ್ಬ ಗಂಡಸು ಗೇಟಿನಲ್ಲಿ ಕಾಣಿಸುತ್ತಾರೆ. ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಹುಡುಗಿ. ಕರೆದುಕೊಂಡು ಬಂದಿರುವುದು ತಂದೆ. ಅವರು ಮೇಜಿನ ಬಳಿ ಬಂದು, ಗಂಟಲು ಸರಿಮಾಡಿಕೊಂಡು, "ಹೆಸರು ಬರೆಸಬೇಕಾ?" ಎನ್ನುತ್ತಾರೆ.

"ಫೈಲು ಇದೆ ಸರ್. ಗುಂಡಿ ಸಾಕು."

ಹುಡುಗಿ ಮುಷ್ಟಿ ಬಿಚ್ಚುತ್ತಾಳೆ. ಬಹಳ ಹೊತ್ತು ಹಿಡಿದದ್ದಕ್ಕೆ ಅಂಗೈಯಲ್ಲಿ ಗುಂಡಿಯ ಅಚ್ಚು ಮೂಡಿದೆ. ತಲೆ ಎತ್ತಿ ಮೈಕಮ್ಮನನ್ನೇ ನೋಡುತ್ತಾಳೆ.

"ಅವತ್ತು ಕೂಗಿದ್ದು ನೀವೇ ಅಲ್ವಾ?"

ಎಂಟು ತಿಂಗಳಿಂದ ಮೈಕಮ್ಮ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಇಷ್ಟಕ್ಕೇ ಇಳಿಯುತ್ತವೆ. "ಹೌದು ಕಣಮ್ಮ. ನಾನೇ. ತಪ್ಪಾಯ್ತು."

"ತುಂಬಾ ಜೋರಾಗಿ ಕೂಗಿದ್ರಿ."

"ಹೂಂ. ಜೋರೇ."

ಹುಡುಗಿ ಗುಂಡಿಯನ್ನು ಮತ್ತೆ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂರುತ್ತಾಳೆ. ಎರಡು ಕುರ್ಚಿ ಬಿಟ್ಟು ತಂದೆ ಕೂತು ತಮ್ಮ ಬೂಟುಗಳನ್ನು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ಎದ್ದು ಮಗಳ ಪಕ್ಕಕ್ಕೆ ಬರುತ್ತಾರೆ. ಸರದಿ ಬಂದಾಗ ಹಸಿರು ಗುಂಡಿ ಕುರ್ಚಿಗಳ ಮುಂದೆ ಸದ್ದಿಲ್ಲದೆ ಹಾದುಹೋಗುತ್ತದೆ. ಹುಡುಗಿ ಎದ್ದು ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಮೈಕಮ್ಮ ಗೋಡೆಗೊರಗಿ, ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಇನ್ನು ಎಷ್ಟು ಗುರುವಾರಗಳು ಬೇಕೋ ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಬೇರೊಂದು. ಹೋದ ತಿಂಗಳು ಬಸ್ ನಿಲ್ದಾಣದಲ್ಲಿ, ಮೊದಮೊದಲು ಪ್ರತಿ ಸಲ ಕಪ್ಪು ಗುಂಡಿಯನ್ನೇ ಆರಿಸುತ್ತಿದ್ದ ಹುಡುಗ ಎದುರಾದ. ಗೆಳೆಯರ ಹೆಗಲ ಮೇಲೆ ಕೈ ಹಾಕಿ ಬಿದ್ದುಬಿದ್ದು ನಗುತ್ತಿದ್ದ. ಇವರನ್ನು ಕಂಡದ್ದೇ ಅವನ ನಗು ಅರ್ಧಕ್ಕೆ ನಿಂತಿತು. ಮೈಕಮ್ಮ ತಕ್ಷಣ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದರು. ಗುಂಪು ದಾಟಿಹೋಯಿತು. ಹಿಂದಿನಿಂದ ಮತ್ತೆ ಅವನ ನಗು ಕೇಳಿಸಿತು.

ಪತ್ರಿಕೆಗೆ ಚಿತ್ರ ತೆಗೆಯೋಣವೆಂದರೆ ಮೈಕಮ್ಮ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ. "ಬೇಡಮ್ಮ. ನಾನು ಯಾರು ಅಂತ ಊರಿಗೆ ಗೊತ್ತಾದ್ರೆ, ನನ್ನ ಗುರುತಿರೋ ಮಕ್ಕಳು ಯಾರು ಅಂತಲೂ ಗೊತ್ತಾಗುತ್ತೆ. ಈ ಹುಡುಗಿನೂ ನಾಳೆ ಬೀದಿಯಲ್ಲಿ ಸಿಗಲಿ, ನಗ್ತಾ ಇರಲಿ. ನಾನು ಚಪ್ಪಲಿ ಸರಿಮಾಡ್ಕೋತೀನಿ."

ಕೊನೆಯ ಮಗುವೂ ಹೊರಟ ಮೇಲೆ, ಡಬ್ಬಿಯ ಮುಚ್ಚಳ ಹಾಕುವ ಮೊದಲು ಮತ್ತೊಮ್ಮೆ ಎಣಿಸುತ್ತಾರೆ. ಮೂವತ್ತು ಜೋಡಿ.