ಜೋಗ ನೋಡದ ಮಕ್ಕಳ ಪ್ರಬಂಧ

ಆ ವರ್ಷ ನಮ್ಮ ಬಂಗಾರಪೇಟೆ ತಾಲ್ಲೂಕಿನ ಏಳನೇ ತರಗತಿಯ ಮಕ್ಕಳೆಲ್ಲ ಜೋಗ ಜಲಪಾತ ನೋಡಿಬಂದಿದ್ದರು. ಪಬ್ಲಿಕ್ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲಿ 'ನಾನು ಮಾಡಿದ ಪ್ರವಾಸ' ಎಂಬ ಪ್ರಬಂಧ ಕೇಳಿದ್ದರು. ಉತ್ತರ ಪತ್ರಿಕೆ ತಿದ್ದಲು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಕೂತಿದ್ದ ನನ್ನ ಮುಂದೆ ಕಟ್ಟು ಕಟ್ಟಾಗಿ ಜೋಗ ಧುಮ್ಮಿಕ್ಕುತ್ತಿತ್ತು. ಕಾಮಸಮುದ್ರದ ಮಕ್ಕಳು ಹೋಗಿದ್ದರು, ಬೂದಿಕೋಟೆಯವರು ಹೋಗಿದ್ದರು, ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನುಗಳ ಮಕ್ಕಳೂ ಹೋಗಿದ್ದರು. ಎಲ್ಲರ ಮನಸ್ಸೂ ಅಲ್ಲಿ ಮಯೂರದಂತೆ ನರ್ತಿಸಿತ್ತು.

ಇದು ಎಂಬತ್ತರ ದಶಕದ ಮಾತು. ಆ ಮಕ್ಕಳಲ್ಲಿ ಹೆಚ್ಚಿನವರು ಕೋಲಾರ ದಾಟಿದವರಲ್ಲ. ಬಾಯಿಪಾಠ ಮಾಡಿದ್ದನ್ನು ಇಳಿಸುತ್ತಿದ್ದರು. ನೆನಪು ಕೈಕೊಟ್ಟ ಕಡೆ ನಿಂತುಬಿಡುತ್ತಿದ್ದರು. ಒಬ್ಬಳು ನಾಲ್ಕನೆಯ ಕವಲಿನ ಹೆಸರು ಮರೆತು 'ರಾಜ, ರಾಣಿ, ರೋರರ್, ರಾಗಿ' ಎಂದು ಬರೆದು ಮುಗಿಸಿದ್ದಳು. ಇನ್ನೊಬ್ಬ 'ಜೋಗದ ಗುಂಡಿ'ಯನ್ನು 'ಜೋಬಿನ ಗುಂಡಿ' ಮಾಡಿ, ಅದನ್ನು ನೋಡಿ ಮೈ ಜುಮ್ಮೆಂದಿತು ಎಂದಿದ್ದ. ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದ ಆ ಕೋಣೆಯಲ್ಲಿ ಗೊಳ್ಳೆಂದು ನಕ್ಕುಬಿಟ್ಟೆ.

ಇನ್‌ಸ್ಪೆಕ್ಟರ್ ಸಾಹೇಬರು ಬಾಗಿಲಲ್ಲೇ ಇದ್ದರು. ಶಾಲೆಗಳ ತನಿಖೆಗೆ ಬರುವಾಗ ಅವರ ಸ್ಕೂಟರ್ ಸದ್ದಿಗೇ ಮೇಷ್ಟ್ರುಗಳು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದರು. ನನ್ನ ಮೇಜಿನ ಹತ್ತಿರ ಬಂದು, "ನಗೋ ಅಂಥದ್ದು ಏನಿದೆಯಮ್ಮ?" ಎಂದರು. ನಾನು ಜೋಬಿನ ಗುಂಡಿಯನ್ನು ತೋರಿಸಿದೆ. ಅವರ ಮೀಸೆ ಅಲ್ಲಾಡಿತು, ಆದರೆ ನಗಲಿಲ್ಲ.

"ಪ್ರತಿ ವರ್ಷ ನಮ್ಮ ತಾಲ್ಲೂಕಿನ ಬರವಣಿಗೆ ಅಂಕ ನೋಡಿ ನನಗೆ ಅಳು ಬರುತ್ತೆ. ನಿಮಗೆ ನಗು ಬರುತ್ತೆ. ಹಾಗಾದರೆ ನೀವೇ ಮೇಷ್ಟ್ರುಗಳಿಗೆ ತರಬೇತಿ ಕೊಡಿ. ಜೂನಿನಿಂದ ಶನಿವಾರ ಮಧ್ಯಾಹ್ನ, ಇದೇ ಕೋಣೆ" ಎಂದು ಹೇಳಿ ಹೊರಟೇಹೋದರು.

ನಾನು ಬೂದಿಕೋಟೆ ಕಡೆಯ ರೈತರ ಮನೆಯವಳು. ಉರಿಗಾಂನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ಗೊತ್ತಿತ್ತೇ ಹೊರತು ಮೇಷ್ಟ್ರುಗಳಿಗೆ ಹೇಳುವುದು ಗೊತ್ತಿರಲಿಲ್ಲ. ಬೇಸಿಗೆ ರಜೆಯಿಡೀ ಭಾಷಣ ಬರೆಯುವುದು, ಹರಿದುಹಾಕುವುದು ಇದೇ ಆಯಿತು. "ಎಲ್ಲಾರ್ಗೂ ಒಂದ್ಲೋಟ ಮಜ್ಗೆ ಕೊಡು, ನಿದ್ದೆ ಮಾಡ್ತಾರೆ, ಎದ್ದು ಓಗ್ತಾರೆ" ಎಂದು ಅಮ್ಮ ಧೈರ್ಯ ಹೇಳಿದಳು.

ಮೊದಲ ಶನಿವಾರ ಉರಿಗಾಂನಿಂದ ಪುಟ್ಟ ರೈಲಿನಲ್ಲಿ ಬಂದಿಳಿದು ಕೋಣೆಗೆ ಹೋದರೆ ಅಮ್ಮನ ಮಾತು ಅರ್ಧ ನಿಜವಾಗಿತ್ತು. ಬೆಳಗಿನ ಶಾಲೆ ಮುಗಿಸಿ, ಸಿಕ್ಕ ಬಸ್ಸು ಹತ್ತಿ ಬಂದ ಮೇಷ್ಟ್ರುಗಳು, ಟೀಚರುಗಳು ಮಕ್ಕಳ ಬೆಂಚುಗಳಲ್ಲಿ ಕಾಲು ಮಡಚಲಾಗದೆ ತೂಕಡಿಸುತ್ತಿದ್ದರು. ಮುಂದಿನ ಬೆಂಚಿನಲ್ಲಿ ಮಾತ್ರ ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬಾದ ಹಿರಿಯರೊಬ್ಬರು ನೆಟ್ಟಗೆ ಕೂತಿದ್ದರು. ಬೂದಿಕೋಟೆ ಹೋಬಳಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು. ಜೋಗದ ಪ್ರಬಂಧದ ಮಾತೆತ್ತುತ್ತಿದ್ದಂತೆ ಅವರು ಎದ್ದು ನಿಂತರು.

"ಆ ಪ್ರಬಂಧ ನನ್ನದೇ ಅಮ್ಮ. ನಾನು ಬರೆಸಿದ್ದು. ವರ್ಗವಾಗಿ ಹೋದ ಮೇಷ್ಟ್ರುಗಳು ಅವರವರ ಶಾಲೆಗೆ ತಗೊಂಡು ಹೋದರು."

ಅವರ ದನಿಯಲ್ಲಿ ಹೆಮ್ಮೆಯೇ ಇತ್ತು. ನಾನು ಮೆಲ್ಲಗೆ ಕೇಳಿದೆ: "ನೀವು ಜೋಗ ನೋಡಿದ್ದೀರಾ ಮೇಷ್ಟ್ರೇ?"

"ಕ್ಯಾಲೆಂಡರಿನಲ್ಲಿ ನೋಡಿದ್ದೀನಿ" ಎಂದರು.

ತೂಕಡಿಸುತ್ತಿದ್ದವರೆಲ್ಲ ಎಚ್ಚರವಾದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಭಾಷಣವನ್ನು ಬದಿಗಿಟ್ಟು, ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಇವತ್ತು ಇಲ್ಲಿಗೆ ಹೇಗೆ ಬಂದಿರಿ ಎಂಬುದನ್ನು ಅರ್ಧ ಪುಟ ಬರೆಯಿರಿ ಎಂದೆ. ಗೊಣಗಾಟ ಶುರುವಾಯಿತು. "ನಾವೇನು ಮಕ್ಕಳಾ ಮೇಡಂ?" ಎಂದರು ಒಬ್ಬರು. "ಇದಕ್ಕೆ ಎಷ್ಟು ಮಾರ್ಕು?" ಎಂದರು ಇನ್ನೊಬ್ಬರು. ಕೊನೆಗೂ ಬರೆದರು. ಹಿರಿಯ ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಬರೆದದ್ದನ್ನು ಎದ್ದು ನಿಂತು ಓದಿದರು. 'ಪ್ರಾತಃಕಾಲದಲ್ಲಿ ಬಾಲಸೂರ್ಯನು ಮೂಡಣದಲ್ಲಿ ಉದಯಿಸುತ್ತಿರಲು, ಪಕ್ಷಿಗಳ ಕಲರವವನ್ನು ಆಲಿಸುತ್ತಾ ನಾನು ಪ್ರಯಾಣ ಬೆಳೆಸಿದೆನು...'

"ಮೇಷ್ಟ್ರೇ, ನೀವು ಹೊರಟಿದ್ದು ಮಧ್ಯಾಹ್ನ ಅಲ್ವಾ?"

"ಹೌದು."

"ಬರೆದದ್ದು ಹಾಗಿರಲಿ. ಬಸ್ಸಲ್ಲಿ ಏನಾಯ್ತು, ಬಾಯಲ್ಲಿ ಹೇಳಿ."

ಅವರು ಹಾಳೆ ಕೆಳಗಿಟ್ಟು ತಲೆ ಕೆರೆದುಕೊಂಡರು. ಹೇಳಲು ಶುರುಮಾಡಿದ ಮೇಲೆ ಅವರ ಭಾಷೆಯೇ ಬೇರೆಯಾಯಿತು. "ಏನಾಯ್ತು ಅಂತೀಯಮ್ಮ! ಬಸ್ಸು ಅತ್ತಿದೆ, ಸೀಟ್ ಸಿಕ್ತು. ಮುಂದಿನ ಸ್ಟಾಪಲ್ಲಿ ಒಬ್ಬಮ್ಮ ಅತ್ತಿ, 'ಅಯ್ಯವಾರೂ, ಕೊಂಚೆಂ ಪಟ್ಟುಕೋಂಡಿ', ಮೇಷ್ಟ್ರೇ ಸ್ವಲ್ಪ ಇಡ್ಕೊಳ್ಳಿ ಅಂತ ತೆಲುಗಲ್ಲಿ ಏಳಿ, ಒಂದು ಬುಟ್ಟೀನ ನನ್ನ ತೊಡೆ ಮೇಲೆ ಇಟ್ಬುಟ್ಲು. ಮೇಷ್ಟ್ರು ಅಂದ್ಮೇಲೆ ನಂಬಿಕೆ ನೋಡು! ಬುಟ್ಟಿಯೊಳ್ಗೆ ಉಂಜ. ಕಂಡಕ್ಟ್ರು ಸೀಟಿ ಊದ್ದಾಗೆಲ್ಲ ಕೊಕ್ಕೊಕ್ಕೋ ಅಂತ ಕೂಗೋದು. ಕಂಡಕ್ಟ್ರು ನನ್ನ ಮಕಾನೇ ನೋಡ್ತಾನೆ, ನಾನೇ ಕೂಗ್ತಿದ್ದೀನೇನೋ ಅನ್ನೋ ಅಂಗೆ! ಕೊನೇಗೆ ಅವ್ನು ಸೀಟಿ ಜೇಬಿಗಾಕ್ಕೊಂಡು, ಕೈಲೇ ಬಸ್ಸು ತಟ್ಕೊಂಡು ಬಂದ ಕಣಮ್ಮ ಬಂಗಾರಪೇಟೆವರ್ಗೂ!"

ಕೋಣೆ ನಗುವಿನಿಂದ ಹಾರಿಹೋಗುವಂತಿತ್ತು. ನಗು ನಿಂತ ಮೇಲೆ ನಾನು ಕೇಳಿದೆ: "ಮೇಷ್ಟ್ರೇ, ಇದನ್ನ ಯಾಕೆ ಬರೀಲಿಲ್ಲ?"

ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಇದನ್ನೆಲ್ಲ ಬರೀತಾರೇನಮ್ಮ? ಇದು ಪ್ರಬಂಧವಾ?"

ಮುಂದಿನ ಶನಿವಾರ ಅವರೇ ಮೊದಲು ಬಂದು, ಹುಂಜದ ಪ್ರಯಾಣವನ್ನು ಎರಡು ಪುಟ ಬರೆದು ತಂದಿದ್ದರು. ಬಾಲಸೂರ್ಯ ಒಂದೇ ಒಂದು ಸಾಲಿನಲ್ಲಿ ಇಣುಕಿದ್ದ. ಬಿಡಲು ಮನಸ್ಸಾಗಲಿಲ್ಲವೆಂದು ಕಾಣುತ್ತದೆ. ಅಲ್ಲಿಂದ ತರಬೇತಿಗೆ ಒಂದು ದಾರಿ ಸಿಕ್ಕಿತು. ಪ್ರತಿ ವಾರ ಮೇಷ್ಟ್ರುಗಳು ತಾವೂ ಬರೆಯುವುದು, ಶಾಲೆಯಲ್ಲಿ ಮಕ್ಕಳಿಂದಲೂ ಬರೆಸುವುದು. ಮೊದಲು ಮಗು ಬಾಯಲ್ಲಿ ಹೇಳಬೇಕು, ಆಮೇಲೆ ಹಾಳೆಗಿಳಿಸಬೇಕು.

ಉರಿಗಾಂ ಲೈನುಗಳ ಇನ್ನೊಂದು ಶಾಲೆಯ ಯುವ ಟೀಚರೊಬ್ಬರು ಕೈ ಎತ್ತಿದರು. ಅವರ ಮನೆಮಾತು ತಮಿಳು. "ಮಿಸ್, ನಮ್ ಮಕ್ಕಳು ಚೆನ್ನಾಗೇ ಹೇಳ್ತಾರೆ, ಆದ್ರೆ ತಮಿಳಲ್ಲಿ ಹೇಳ್ತಾರೆ. ಕನ್ನಡದಲ್ಲಿ ಹೇಳು ಅಂದ್ರೆ ಬಾಯಿ ಮುಚ್ಕೊಳ್ತಾರೆ. ಏನ್ ಮಾಡೋದು?"

ನನ್ನ ತರಗತಿಯದೂ ಇದೇ ಪಾಡು. ತಮಿಳೋ ತೆಲುಗೋ, ಬಂದದ್ದರಲ್ಲಿ ಹೇಳಲಿ, ಆಮೇಲೆ ಇಡೀ ತರಗತಿ ಸೇರಿ ಅದಕ್ಕೆ ಕನ್ನಡದ ಮಾತು ಹುಡುಕಲಿ ಎಂದು ತೀರ್ಮಾನಿಸಿದೆವು. ಇನ್ನೊಂದು ಮಾತೂ ಹೇಳಿದೆ: ಮಗು ಬರೆದದ್ದನ್ನು ಓದಿ ಹೇಳುವ ತನಕ ಕೆಂಪು ಶಾಯಿ ಮುಟ್ಟಬಾರದು. ಹಿರಿಯ ಮೇಷ್ಟ್ರಿಗೆ ಸಿಟ್ಟು ಬಂತು. "ತಪ್ಪು ತಿದ್ದದೆ ಇದ್ರೆ ಮೇಷ್ಟ್ರು ಯಾತಕ್ಕಮ್ಮ?" ಬಹಳ ಹೊತ್ತು ವಾದವಾಗಿ, ಮೊದಲ ದಿನ ಕೇಳುವುದು, ಮರುದಿನ ತಿದ್ದುವುದು ಎಂಬಲ್ಲಿಗೆ ಇಬ್ಬರೂ ಒಪ್ಪಿದೆವು. ಅವರದೇ ಸರಿ ಎಂದು ಆಮೇಲೆ ನನಗೆ ಅನ್ನಿಸಿತು. ಕಾಗುಣಿತ ತಪ್ಪಿದರೆ ಪರೀಕ್ಷೆಯಲ್ಲಿ ಅಂಕ ಹೋಗುವುದಂತೂ ಖಂಡಿತ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ಮರೆಯಲಾಗದ ಪ್ರಯಾಣ' ಎಂಬ ಪ್ರಬಂಧವನ್ನು ನಾವೇ ಕೊಟ್ಟೆವು. ಫಲ ನೋಡುವ ಆಸೆಯಿಂದ ಎಲ್ಲ ಶಾಲೆಗಳಿಂದ ಒಂದಷ್ಟು ಉತ್ತರಗಳನ್ನು ತರಿಸಿ ಓದಿದರೆ ತಲೆ ಮೇಲೆ ಕೈ ಇಟ್ಟುಕೊಳ್ಳುವಂತಾಯಿತು. ಬೂದಿಕೋಟೆ ಕಡೆಯ ಮಕ್ಕಳೆಲ್ಲ ಬಸ್ಸಿನಲ್ಲಿ ಹೋಗಿದ್ದರು. ಎಲ್ಲರ ತೊಡೆಯ ಮೇಲೂ ಹುಂಜ ಇತ್ತು! ಕಾಮಸಮುದ್ರದ ಹುಂಜವೂ ಸೀಟಿಗೆ ಕೂಗಿತ್ತು. ಉರಿಗಾಂನ ಒಬ್ಬಳು ಹುಂಜವನ್ನು ರೈಲಿಗೇ ಹತ್ತಿಸಿದ್ದಳು. ಮೇಷ್ಟ್ರುಗಳು ಕತೆ ಚೆನ್ನಾಗಿದೆಯೆಂದು ತರಗತಿಯಲ್ಲಿ ಓದಿಹೇಳಿದ್ದರು. ಮಕ್ಕಳು ಎಂದಿನಂತೆ ಬಾಯಿಪಾಠ ಮಾಡಿದ್ದರು.

ಆ ಶನಿವಾರ ಉತ್ತರಗಳನ್ನು ಓದಿದಾಗ ಹಿರಿಯ ಮೇಷ್ಟ್ರು ಕೆಂಪೇರಿದರು. ಜೋಗ ಹೋಗಿ ಹುಂಜ ಬಂತು ಎಂದು ಯಾರೋ ಹಿಂದಿನಿಂದ ಅಂದರು. ನನಗೂ ಒಂದು ಗಳಿಗೆ ಇದೆಲ್ಲ ಸಾಕೆನ್ನಿಸಿತು. ಆದರೆ ಸೋಮವಾರ ಮೇಷ್ಟ್ರು ಏನು ಮಾಡಿದರೆಂದು ಅವರ ಶಾಲೆಯ ಟೀಚರೊಬ್ಬರು ನನಗೆ ಹೇಳಿದರು. ಏಳನೇ ತರಗತಿಯ ಬಾಗಿಲಲ್ಲಿ ನಿಂತು ಕೂಗಿದರಂತೆ: "ಉಂಜ ನಂದು ಕಣ್ರಲಾ! ಅದನ್ನ ಬುಟ್ಬುಟ್ಟು ನಿಮ್ದು ಏನಿದ್ಯೋ ಅದನ್ನ ತನ್ನಿ!" ಒಬ್ಬ ಹುಡುಗ, "ನಮ್ಮಟ್ಟೀಲಿ ಏನೂ ಇಲ್ಲ ಸಾ, ಒಂದು ಕುಂಟೆಮ್ಮೆ ಐತೆ" ಎಂದನಂತೆ. "ಅದನ್ನೇ ತಾರ್ಲಾ" ಎಂದು ಅವನನ್ನು ಮುಂದೆ ಕೂರಿಸಿಕೊಂಡರಂತೆ. ಆ ಕುಂಟೆಮ್ಮೆಯ ಬರಹವನ್ನು ಮುಂದಿನ ವಾರ ನಮಗೆ ಓದಿದರು. ಡೈರಿಗೆ ಹಾಲು ಹಾಕಲು ಹೋಗುವ ಅಪ್ಪನ ಹಿಂದೆಯೇ ಆ ಎಮ್ಮೆಯೂ ಕುಂಟುತ್ತಾ ಹೋಗಿ, ಹಾಲು ಅಳೆಯುವ ತನಕ ಕಾದು, ಅವನ ಜೊತೆಗೇ ಮನೆಗೆ ಬರುತ್ತಿತ್ತಂತೆ.

ಮಾರ್ಚಿನ ಪಬ್ಲಿಕ್ ಪರೀಕ್ಷೆಯಲ್ಲಿ 'ಮಳೆಗಾಲದ ಒಂದು ದಿನ' ಕೇಳಿದರು. ತಿದ್ದುವ ಕೋಣೆಯಲ್ಲಿ ಆ ವರ್ಷ ಹಿರಿಯ ಮೇಷ್ಟ್ರೇ ಮುಖ್ಯಸ್ಥರು. ನನ್ನ ಪಕ್ಕದಲ್ಲಿ ಬೇರೆ ತಾಲ್ಲೂಕಿನಿಂದ ಬಂದಿದ್ದ ಮೇಷ್ಟ್ರೊಬ್ಬರು ಒಂದು ಪ್ರಬಂಧಕ್ಕೆ ತೀರಾ ಕಡಿಮೆ ಅಂಕ ಹಾಕಿದ್ದು ಕಣ್ಣಿಗೆ ಬಿತ್ತು. ಕೇಳಿ ತೆಗೆದುಕೊಂಡು ಓದಿದೆ. ಗಣಿ ಲೈನಿನ ಮಗುವಿನದು. ಮನೆ ಸೋರುತ್ತಿತ್ತು. ಇಡಲು ಪಾತ್ರೆ ಸಾಲದೆ ಪಕ್ಕದ ಮನೆಗೆ ಕೇಳಲು ಹೋದರೆ, ಅವರ ಮನೆಯೂ ಸೋರುತ್ತಿದ್ದುದರಿಂದ ಒಂದೇ ಚೊಂಬು ಕೊಟ್ಟರು. ಅಪ್ಪ ರಾತ್ರಿ ಪಾಳಿಯಲ್ಲಿ ನೆಲದೊಳಗಿದ್ದ. ಬೆಳಿಗ್ಗೆ ಮೇಲೆ ಬಂದು ಬೀದಿ ನೋಡಿ, 'ಇಷ್ಟೊಂದು ನೀರು ಯಾರು ಚೆಲ್ಲಿದರು?' ಎಂದು ಕೇಳಿದ. ಮಳೆ ಬಂದದ್ದು ಊರಿಗೆಲ್ಲ ಗೊತ್ತಿತ್ತು, ನಮ್ಮ ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ ಎಂದು ಮಗು ಮುಗಿಸಿತ್ತು.

"ಮಳೆಯ ಉಪಯೋಗಗಳನ್ನೇ ಬರೆದಿಲ್ಲವಲ್ಲ ಮೇಡಂ? ಬೆಳೆ, ಕೆರೆ, ಏನೂ ಇಲ್ಲ" ಎಂದರು ಅವರು. ತಪ್ಪೇನೂ ಅಲ್ಲ, ಮಾದರಿ ಉತ್ತರದಲ್ಲಿ ಹಾಗೇ ಇತ್ತು. ವಿಷಯ ಮುಖ್ಯಸ್ಥರ ಮೇಜಿಗೆ ಹೋಯಿತು. ನಾನೂ ಹಿಂದೆಯೇ ಹೋಗಿ ನಿಂತೆ. ಹಿರಿಯ ಮೇಷ್ಟ್ರು ಕನ್ನಡಕ ಏರಿಸಿ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

"ಮಳೆ ಬಂದ್ರೆ ಬೆಳೆ ಆಗುತ್ತೆ ಅಂತ ಈ ಮಗು ಬರೆದಿಲ್ಲ, ನಿಜ" ಎಂದರು. "ಅದು ನಮಗೆಲ್ಲ ಗೊತ್ತಿರೋದೇ. ಅಪ್ಪನಿಗೆ ಮಳೆ ಬಂದದ್ದೇ ಗೊತ್ತಾಗಲಿಲ್ಲ ಅನ್ನೋದು ನನಗೆ ಗೊತ್ತಿರಲಿಲ್ಲ ಕಣಯ್ಯ. ನಿಮಗೆ ಗೊತ್ತಿತ್ತಾ?"

ಬೇರೆ ತಾಲ್ಲೂಕಿನ ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿ, ತಾವೇ ಪತ್ರಿಕೆ ವಾಪಸು ತೆಗೆದುಕೊಂಡು ಅಂಕ ತಿದ್ದಿದರು. ಕೊಂಬು ದೀರ್ಘದ ತಪ್ಪಿಗೆ ಮಾತ್ರ ಒಂದು ಅಂಕ ಕಳೆಯಲೇಬೇಕೆಂದು ಹಿರಿಯ ಮೇಷ್ಟ್ರು ಹಟ ಹಿಡಿದರು.

ಫಲಿತಾಂಶ ಬಂದಾಗ ತಾಲ್ಲೂಕಿನ ಬರವಣಿಗೆ ಅಂಕ ಏರಿತ್ತು. ಎಲ್ಲ ಶಾಲೆಗಳದೂ ಅಲ್ಲ. ಕೆಲವು ಕಡೆ ಮಯೂರ ಇನ್ನೂ ನರ್ತಿಸುತ್ತಲೇ ಇತ್ತು. ಇನ್‌ಸ್ಪೆಕ್ಟರ್ ಸಾಹೇಬರು ತರಬೇತಿಯನ್ನು ಮುಂದಿನ ವರ್ಷಕ್ಕೂ ಮುಂದುವರಿಸಿದರು. ಆ ಸುದ್ದಿ ಹೇಳಿದ ಸಂಜೆ ನಾವೆಲ್ಲ ಬಂಗಾರಪೇಟೆ ಪೇಟೆ ಬೀದಿಯ ಗಾಡಿಯ ಮುಂದೆ ಪಾನಿಪುರಿ ತಿನ್ನಲು ನಿಂತೆವು. ಹಿರಿಯ ಮೇಷ್ಟ್ರು ಬೀದಿಯಲ್ಲಿ ನಿಂತು ತಿಂದವರೇ ಅಲ್ಲವಂತೆ. ಬೇಡ ಬೇಡವೆನ್ನುತ್ತಲೇ ಜುಬ್ಬಾದ ತೋಳು ಮಡಚಿ ಒಂದನ್ನು ಬಾಯಿಗಿಟ್ಟರು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯಿತು, ಪಾನಿ ಜುಬ್ಬಾದ ಮೇಲೆಲ್ಲ ಇಳಿಯಿತು. ಗಾಡಿಯವನು ಗಾಬರಿಯಾಗಿ ತಣ್ಣೀರಿನ ಲೋಟ ಹಿಡಿದ. ಅವರು ಲೋಟವನ್ನು ಪಕ್ಕಕ್ಕೆ ಸರಿಸಿ, ಮಾತಾಡಲಾಗದೆ, ಇನ್ನೊಂದು ಪ್ಲೇಟ್ ಎಂದು ಬೆರಳು ತೋರಿಸಿದರು.