ತಿಪ್ಪೇಸ್ವಾಮಿಯ ಪ್ರೇಮಪ್ರಕರಣ

ಪ್ರೇಮ ಕಾದಂಬರಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವು ಕಳಪೆ ಎಂದು ಹೊಳಲ್ಕೆರೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ನಿಜವಾದ ಕಾರಣ ನನ್ನ ಹೆಸರು. ಎಪ್ಪತ್ತರ ದಶಕದ ಆ ಕಾದಂಬರಿಗಳ ನಾಯಕರೆಲ್ಲ ರವಿ, ಆನಂದ, ಶೇಖರ. ಬಾಗಿಲಲ್ಲಿ ಕಾರು, ನಾಯಕಿಗೆ ಮಾತುಮಾತಿಗೂ ತಲೆಸುತ್ತು. ಎಲ್ಲಾದರೂ ಒಬ್ಬ ತಿಪ್ಪೇಸ್ವಾಮಿ ಪ್ರೇಮಿಸಿದ್ದುಂಟೇ? ದುರ್ಗದ ಸೀಮೆಯಲ್ಲಿ ನಾವು ಬೀದಿಗಿಬ್ಬರಿದ್ದೇವೆ. ನಮಗೂ ಮದುವೆಯಾಗಿದೆ, ಮಕ್ಕಳಾಗಿವೆ. ಅಂದಮೇಲೆ ನಡುವೆ ಎಲ್ಲೋ ಪ್ರೇಮ ಬಂದುಹೋಗಿರಲೇಬೇಕು.

ಶೃಂಗಾರ ರಸಗಳ ರಾಜ ಎಂದು ಶಾಸ್ತ್ರದವರು ಹೇಳುತ್ತಾರೆ. ಆ ರಾಜ ಹೊಳಲ್ಕೆರೆಯಲ್ಲಿ ಬಸ್ಸಿಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಇಳಿದಿದ್ದರೆ ನಮ್ಮ ಮನೆ ಜಗಲಿಯಲ್ಲೇ. ಮಧ್ಯಾಹ್ನ ಓಣಿಯ ಹೆಂಗಸರು ಅಲ್ಲಿ ಕಡಲೆಕಾಯಿ ಸುಲಿಯುತ್ತ ಕೂರುವರು, ನನ್ನ ಹೆಂಡತಿ ಗೌರಮ್ಮ ವಾರಪತ್ರಿಕೆಯ ಪ್ರೇಮಕಥೆಯನ್ನು ಗಟ್ಟಿಯಾಗಿ ಓದುವಳು. ಆಗ ಅವಳ ಮುಖ ನೋಡಬೇಕು! ಬಾಯಿ ಅರೆತೆರೆದು, ಸುಲಿದ ಕಾಯಿ ಕೈಯಲ್ಲೇ ಉಳಿದುಬಿಡುತ್ತಿತ್ತು. ನನ್ನ ಗಂಭೀರ ಕಥೆಗಳಿಗೆ ಸಿಗುತ್ತಿದ್ದದ್ದು "ಚೆನ್ನಾಗೈತ್ರಿ" ಎಂಬ ಒಂದೇ ಮಾತು, ಜೊತೆಗೆ ಆಕಳಿಕೆ. ಆ ಮುಖ ಒಮ್ಮೆಯಾದರೂ ನನ್ನ ಬರವಣಿಗೆಗೆ ಸಿಗಬೇಕೆಂದು ನನಗೆ ಆಸೆ.

ಹಟ ಹಿಡಿದು ಬರೆದೆ. ದುರ್ಗದ ಕೋಟೆ, ಬಂಡೆ, ಮಂಜುಳಾ ಎಂಬ ನಾಯಕಿ. ನಾಯಕ ತಿಪ್ಪೇಸ್ವಾಮಿ. ಹಾಳೆಗಳನ್ನು ಗೌರಮ್ಮನ ಕೈಗಿಟ್ಟು ಬಾಗಿಲ ಹಿಂದೆ ನಿಂತೆ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ ಎಂಬುದೇ ನನಗೆ ಮರೆತುಹೋಗಿತ್ತು.

"ಮಂಜುಳಾ ಓಡೋಡಿ ಬಂದಳು. ಬಂಡೆಯ ಮೇಲೆ..." ಗೌರಮ್ಮ ತಡವರಿಸಿದಳು. "ಬಂಡೆಯ ಮೇಲೆ ನಮ್ಮನೆಯವರು ಕಾಯುತ್ತಿದ್ದರು."

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು.

"ನಮ್ಮನೆಯವರು ಅವಳ ಕೈ ಹಿಡಿದುಕೊಂಡರು."

"ಯಾವಾಗ್ಲೇ ಗೌರಿ?" ಎಂದಳು ಪಕ್ಕದ ಮನೆ ಗಂಗಜ್ಜಿ. "ಹೋದ ವಾರ ದುರ್ಗಕ್ಕೋಗಿದ್ನಲ್ಲ, ಆವಾಗೇನಾ?"

"ಕತೆ ಕಣಜ್ಜಿ."

"ಕತೇನೋ ಏನೋ. ಉರಿಬಿಸ್ಲಾಗೆ ಬಂಡೆ ಮ್ಯಾಲೆ ಕುಂತವ್ರಲ್ಲ, ಸುಡಾಕಿಲ್ವಾ?"

ಸುಡುತ್ತಿದ್ದದ್ದು ನನಗೆ. ಗೌರಮ್ಮನ ದನಿ ಸಾಲುಸಾಲಿಗೂ ಬಿಗಿಯಾಗುತ್ತಿತ್ತು. "ನಮ್ಮನೆಯವರು ಮಂಜುಳೆಗೆ ಮಲ್ಲಿಗೆ ಮುಡಿಸಿದರು" ಎಂದು ಓದಿದವಳೇ ಹಾಳೆ ಮಡಿಸಿ ಒಳಗೆ ಬಂದಳು.

"ಚೆನ್ನಾಗೈತ್ರಿ. ಆದ್ರೆ ಆ ಹುಡುಗೀನ ಹೊಸದುರ್ಗದ ಬಸ್ ಹತ್ತಿಸ್ರಿ. ಇವತ್ತೇ."

ನಾಯಕನ ಹೆಸರು ಬದಲಿಸುತ್ತೇನೆ ಎಂದೆ. ಒಪ್ಪಲಿಲ್ಲ. ಹೆಸರು ಹಾಗೇ ಇರಲಿ, ಹುಡುಗಿ ಹೋಗಲಿ ಎಂಬುದೇ ಅವಳ ತೀರ್ಪು. ನನ್ನಂಥವನಿಗಾಗಿಯೂ ಒಬ್ಬಳಿಗೆ ಇಷ್ಟು ಹೊಟ್ಟೆಕಿಚ್ಚು ಸಾಧ್ಯ ಎಂದು ತಿಳಿದು ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು. ಕಾರಣವಿಲ್ಲದೆ, ಟಿಕೆಟ್ಟೂ ಕೊಡಿಸದೆ, ಮಂಜುಳೆಯನ್ನು ಬಸ್ಸು ಹತ್ತಿಸಿದೆ. ಆಮೇಲೆ ಪೇಟೆಗೆ ಹೋಗಿ ಒಂದು ಮೊಳ ಮಲ್ಲಿಗೆ ತಂದೆ.

"ಹೋದ್ಲಾ?" ಎಂದಳು ಗೌರಮ್ಮ, ಹೂವು ಕೈಗೆ ತೆಗೆದುಕೊಂಡು.

"ಹೋದಳು."

"ವಾಪಸ್ ಬರಾಕೆ ಬಸ್ಸೈತಾ?"

"ಇಲ್ಲ."

ಬಾಯಿ ಅರೆತೆರೆದು ನನ್ನನ್ನೇ ನೋಡುತ್ತ ನಿಂತಳು. ಮಲ್ಲಿಗೆ ಕೈಯಲ್ಲೇ ಉಳಿದಿತ್ತು.