‘ಆಯ್ತು’ ಅಂದರೆ ಆಯಿತೇ?

ಕೋವಿಡ್ ಗಲಾಟೆ ಮುಗಿದು ಕಾರ್ಖಾನೆಗಳೆಲ್ಲ ಮತ್ತೆ ಹೊಸಬರನ್ನು ಸೇರಿಸಿಕೊಳ್ಳತೊಡಗಿದ್ದ ವರ್ಷವದು. ಮೈಸೂರಿನ ಹೊರವಲಯದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಸೇಫ್ಟಿ ಆಫೀಸರ್ ಅಂದರೆ ಕೆಲಸಗಾರರ ಜೀವಕ್ಕೆ, ಕೈಕಾಲಿಗೆ ಅಪಾಯವಾಗದಂತೆ ನೋಡಿಕೊಳ್ಳುವ ಅಧಿಕಾರಿ. ಕೆಲಸಗಾರರ ಲೆಕ್ಕದಲ್ಲಿ ಮಾತ್ರ, ಬೆಳಗಿನಿಂದ ಸಂಜೆಯವರೆಗೆ ಬೈದುಕೊಂಡು ತಿರುಗುವ ಹೆಂಗಸು. ನನ್ನ ಬಾಯಿ ಜೋರು, ಇಲ್ಲವೆನ್ನುವುದಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ತರಕಾರಿಯವನೂ ನನ್ನ ಮನೆ ಮುಂದೆ ದನಿ ತಗ್ಗಿಸುತ್ತಿದ್ದ.

ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಇಂಡಕ್ಷನ್, ಅಂದರೆ ಸುರಕ್ಷತೆಯ ಪಾಠ, ಕೊಡಬೇಕಿತ್ತು. ಬಳೆ ತೆಗೆದಿಡಿ, ವೇಲ್ ಬಿಗಿಯಾಗಿ ಕಟ್ಟಿಕೊಳ್ಳಿ, ಮೆಷಿನ್ನಿಗೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಸ್ವಂತ ಜೇಬಿನಲ್ಲಿ ಇಟ್ಟುಕೊಳ್ಳಿ, ಹೀಗೆ ಒಂದೊಂದಾಗಿ ಹೇಳಿ ‘ಅರ್ಥ ಆಯ್ತಾ?’ ಎಂದು ಕೇಳುತ್ತಿದ್ದೆ. ‘ಆಯ್ತು ಮೇಡಂ’ ಎಂದು ಎಲ್ಲರೂ ಒಟ್ಟಿಗೆ ರಾಗ ಎಳೆಯುತ್ತಿದ್ದರು. ಆಮೇಲೆ ಎಮರ್ಜೆನ್ಸಿ ಸ್ಟಾಪ್ ಎಂಬ ಕೆಂಪು ಬಟನ್ನನ್ನು ಪ್ರತಿಯೊಬ್ಬರ ಕೈಯಲ್ಲೂ ಒತ್ತಿಸುತ್ತಿದ್ದೆ. ಅದನ್ನು ಒತ್ತಿದರೆ ಮೆಷಿನ್ ಇದ್ದಲ್ಲೇ ನಿಲ್ಲುತ್ತದೆ.

ಆ ಸಲ ಬಂದವರಲ್ಲಿ ನಾಗರತ್ನ ಎಂಬಾಕೆಯೂ ಇದ್ದಳು. ನಂಜನಗೂಡಿನ ಕಡೆಯ ಹಳ್ಳಿಯವಳು. ಮಂಡಿ ಮೊಹಲ್ಲಾದಲ್ಲಿ ಬಾಡಿಗೆ ಮನೆ, ಎರಡು ಮಕ್ಕಳು. ಅಲ್ಲಿಯವರೆಗೆ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದವಳು. ಬಟನ್ ಒತ್ತಲು ಹಿಂಜರಿದು, “ಒತ್ಬುಟ್ರೆ ಬೈಯಲ್ವಾ ಮೇಡಂ?” ಎಂದಳು.

“ಒತ್ತದೇ ಹೋದ್ರೆ ಬೈತೀನಿ ಕಣಮ್ಮ!” ಎಂದೆ. ಎಲ್ಲರೂ ನಕ್ಕರು.

ಮಾರನೆಯ ದಿನವೇ ಅವಳನ್ನು ಮಿಕ್ಸರ್ ವಿಭಾಗಕ್ಕೆ ಹಾಕಿದರು. ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆಂದು ಜಿಗಟು ಪುಡಿ ಎಲ್ಲವನ್ನೂ ನೀರಿನ ಜತೆ ಕಲೆಸಿ ಮಸಾಲೆ ಮಾಡುವ ಯಂತ್ರವದು. ಆಳೆತ್ತರದ ಕಬ್ಬಿಣದ ತೊಟ್ಟಿ, ಒಳಗೆ ಸುರುಳಿ ಬ್ಲೇಡು. ಸ್ವಲ್ಪ ಹೊತ್ತು ತಿರುಗುತ್ತದೆ, ಪುಡಿ ನೀರು ಕುಡಿಯಲೆಂದು ತಾನೇ ನಿಲ್ಲುತ್ತದೆ, ಮತ್ತೆ ತಾನೇ ತಿರುಗುತ್ತದೆ. ನಿಂತಿದೆ ಅಂದ ಮಾತ್ರಕ್ಕೆ ಆಫ್ ಆಗಿದೆ ಅಂತಲ್ಲ. ಮುಚ್ಚಳ ತೆಗೆದ ಕೂಡಲೇ ಯಂತ್ರವನ್ನು ತಡೆಯುವ ಒಂದು ಸಣ್ಣ ಸ್ವಿಚ್ ಇತ್ತು, ಅದು ಕೆಟ್ಟಿತ್ತು. ‘ಬದಲಿಸಿ ಸ್ವಾಮಿ’ ಎಂದು ಮ್ಯಾನೇಜರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

ಮಿಕ್ಸರ್ ನೋಡಿಕೊಳ್ಳುತ್ತಿದ್ದ ಫಿಟ್ಟರ್ ಸಿದ್ದರಾಜು. ದಟ್ಟಗಳ್ಳಿಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ, ನನ್ನನ್ನು ಕಂಡರೆ ‘ಬಂದ್ರು ಕಣ್ರೋ, ಹೆಲ್ಮೆಟ್ ಹಾಕ್ಕೊಳ್ರೋ’ ಎಂದು ರೇಗಿಸುತ್ತಿದ್ದ ಮನುಷ್ಯ. ಆ ಬೆಳಗ್ಗೆ ಬ್ಲೇಡಿಗೆ ಮಸಾಲೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಯಂತ್ರ ನಿಂತಿದ್ದಾಗ ಮೆಟ್ಟಿಲೇರಿ ಮುಚ್ಚಳ ತೆಗೆದ. ಕೆಳಗೆ ಇಳಿದು ಬೀಗ ಹಾಕಬೇಕಿತ್ತು. ಒಂದು ಗಳಿಗೆಯ ಕೆಲಸಕ್ಕೆ ಯಾರು ಇಳಿಯುತ್ತಾರೆ? ಮೇಲಿನಿಂದಲೇ ಕೂಗಿದ: “ಮೇನ್ ಆಫ್ ಮಾಡವ್ವ!” ಕೆಳಗಿನಿಂದ ನಾಗರತ್ನ ಕೂಗಿದಳು: “ಆಯ್ತಣ್ಣ!” ಸಿದ್ದರಾಜು ಕೈ ಹಾಕಿದ. ಬ್ಲೇಡು ತಿರುಗಿತು.

ನಾನು ಪಕ್ಕದ ಪ್ಯಾಕಿಂಗ್ ಹಾಲಿನಲ್ಲಿದ್ದೆ. ಸಿದ್ದರಾಜು ಚೀರಿದ್ದು ಕೇಳಿತು. ಓಡಿದೆ. ಸಿದ್ದರಾಜು ತೊಟ್ಟಿಯ ಅಂಚಿಗೆ ಎದೆಯಾನಿಸಿ ನೇತುಬಿದ್ದಿದ್ದ. ಬಲಗೈ ಮಣಿಕಟ್ಟಿನವರೆಗೆ ಬ್ಲೇಡಿಗೂ ತೊಟ್ಟಿಗೂ ನಡುವೆ ಸಿಕ್ಕಿಕೊಂಡಿತ್ತು. ಯಂತ್ರ ನಿಂತಿತ್ತು. ನಾಗರತ್ನ ಎರಡೂ ಅಂಗೈಯಿಂದ ಕೆಂಪು ಬಟನ್ ಒತ್ತಿ ಹಿಡಿದು ನಿಂತಿದ್ದಳು. “ಬಿಡಮ್ಮ, ಒಂದ್ಸಲ ಒತ್ತಿದ್ರೆ ಸಾಕು” ಎಂದರೂ ಬಿಡಲೊಲ್ಲಳು. ನಾನೇ ಮೇನ್ ಆಫ್ ಮಾಡಿ, ಬೀಗ ಜಡಿದು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಮೇಡಂ, ರಿವರ್ಸ್ ಓಡ್ಸಿದ್ರೆ ಕೈ ಬಂದ್ಬುಡುತ್ತೆ” ಎಂದು ನನ್ನ ಹಿಂದೆಯೇ ಓಡಿಬಂದ ಸೂಪರ್‌ವೈಸರ್ ಕೀಲಿ ಕೇಳುತ್ತ ಸ್ವಿಚ್ ಪ್ಯಾನಲ್ ಕಡೆಗೆ ಹೊರಟ. ಮೋಟಾರಿಗೆ ಕೈ ಯಾವುದು, ಮಸಾಲೆ ಯಾವುದು ಎಂದು ಗೊತ್ತಾಗುತ್ತದೆಯೇ? “ಸ್ವಿಚ್ ಮುಟ್ಟಿದ್ರೆ ಕೈ ಮುರೀತೀನಿ!” ಎಂದು ಕಿರುಚಿದೆ. ಯಾವ ಹೊತ್ತಿನಲ್ಲಿ ಯಾವ ಮಾತು! ಸಿದ್ದರಾಜುವಿನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಂಬುಲೆನ್ಸಿಗೂ ಅಗ್ನಿಶಾಮಕದವರಿಗೂ ಫೋನ್ ಹೋಗಿತ್ತು. ಆದರೆ ಸಿದ್ದರಾಜುವಿನ ತುಟಿ ಬಿಳಿಚಿಕೊಳ್ಳುತ್ತಿತ್ತು, ಬೆವರು ಸುರಿಯುತ್ತಿತ್ತು. ಅವರು ಬರುವವರೆಗೆ ಇವನು ತಡೆದಾನೆಯೇ? ಮೋಟಾರಿನಿಂದ ಬ್ಲೇಡನ್ನು ಬಿಡಿಸಿ ಕೈಯಿಂದಲೇ ಹಿಂದಕ್ಕೆ ತಿರುಗಿಸುವುದೊಂದೇ ದಾರಿ. ಆ ಯಂತ್ರವನ್ನು ಬಿಚ್ಚಲು ಬರುತ್ತಿದ್ದ ಇನ್ನೊಬ್ಬ ಫಿಟ್ಟರ್ ರಜೆಯಲ್ಲಿದ್ದ. ಉಳಿದವನು ಅದರೊಳಗೇ ಸಿಕ್ಕಿಕೊಂಡಿದ್ದ. ಅಯ್ಯೋ ಶಿವನೇ, ಇಂಥ ಗತಿ ಶತ್ರುವಿಗೂ ಬೇಡ ಅನ್ನಿಸಿತು.

“ನಾನೇ ಯೋಳ್ತೀನಿ ಮೇಡಂ” ಎಂದ ಸಿದ್ದರಾಜು, ಹಲ್ಲು ಕಚ್ಚಿಕೊಂಡು. “ಇಂದ್ಗಡೆ ಗ್ವಾಡೆ ಸಂದಿಲಿ ಚೈನ್ ಐತೆ. ಅದ್ನ ಬಿಚ್ಚಿದ್ರೆ ಬ್ಲೇಡು ಕೈಲೇ ತಿರುಗ್ತದೆ.”

ಗೋಡೆಗೂ ಯಂತ್ರಕ್ಕೂ ನಡುವಿನ ಆ ಸಂದಿಯಲ್ಲಿ ನನ್ನ ಮೈ ಹೋಗದು, ಸೂಪರ್‌ವೈಸರನದೂ ಹೋಗದು. ನಾಗರತ್ನ ಬಟನ್ ಬಿಟ್ಟು, ಸಿದ್ದರಾಜುವಿನ ಸ್ಕ್ರೂ ಡ್ರೈವರ್ ಎತ್ತಿಕೊಂಡು ನುಸುಳಿದಳು. ನಾನು ಈಚೆ ಬದಿಯಲ್ಲಿ ಬ್ಲೇಡನ್ನು ತಿರುಗಿಸುವ ಶಾಫ್ಟಿಗೆ ದೊಡ್ಡ ಪೈಪ್ ಸ್ಪ್ಯಾನರ್ ಹಾಕಿ ಹಿಡಿದು ನಿಂತೆ.

“ಕೊಂಡಿ ಮ್ಯಾಲೆ ಒಂದ್ ಸಣ್ ಕ್ಲಿಪ್ ಐತೆ. ಸ್ಕ್ರೂ ಡ್ರೈವರಲ್ಲಿ ತಳ್ಳಿ ಚೈನ್ ಬಿಚ್ಚವ್ವ” ಎಂದ ಸಿದ್ದರಾಜು.

“ಆಯ್ತಣ್ಣ” ಎಂಬ ದನಿ ಬಂತು.

ನಾನು ಸ್ಪ್ಯಾನರ್ ಎಳೆಯಲು ಮೈ ಬಿಗಿಮಾಡಿದ್ದೆ. ಅಷ್ಟರಲ್ಲಿ ಸಿದ್ದರಾಜು ಚೀರಿದ:

“ತಡೀರಿ ಮೇಡಂ! ಆಯ್ತು ಅನ್ಬ್ಯಾಡ ಕಣವ್ವ! ಆಗ್ಲೂ ಆಯ್ತು ಅಂದೆ! ಬಿಚ್ಚಿದ್ಯಾ, ಬಿಚ್ತೀಯಾ? ಅದ್ನ ಯೋಳು!”

ಸಂದಿಯೊಳಗಿನಿಂದ ಅಳು ಕೇಳಿಸಿತು. “ಇನ್ನೂ ಇಲ್ಲ ಕಣಣ್ಣ... ಬಿಚ್ತೀನಿ.”

ಸ್ಪ್ಯಾನರಿನ ಹಿಡಿತ ಸಡಿಲಿಸಿದೆ. ನಾನೂ ‘ಬಿಚ್ಚಾಯಿತು’ ಎಂದೇ ತಿಳಿದಿದ್ದೆ. ಇನ್ನೊಂದು ಉಸಿರಿನಲ್ಲಿ ಚೈನಿನ ಸಮೇತ ಎಳೆದು ಅವನ ಕೈಯನ್ನು ಇನ್ನಷ್ಟು ಜಜ್ಜಿರುತ್ತಿದ್ದೆ. ಬೆಳಗ್ಗೆ ಏನು ನಡೆದಿತ್ತು ಎಂಬುದು ನನಗೆ ಹೊಳೆದದ್ದೂ ಆಗಲೇ. ಅವಳು ‘ಆಯ್ತು’ ಎಂದದ್ದು ‘ಸರಿ, ಈಗ ಆಫ್ ಮಾಡುತ್ತೇನೆ’ ಎಂದು. ಪ್ಯಾನಲ್ಲಿನ ಕಡೆಗೆ ಹೊರಟೂ ಇದ್ದಳು. ಅವನು ಕೇಳಿಸಿಕೊಂಡದ್ದು ‘ಆಫ್ ಆಗಿದೆ’ ಎಂದು. ಹಾಳಾದ್ದು, ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು!

ಸ್ವಲ್ಪ ಹೊತ್ತಿಗೆ ಸಂದಿಯಿಂದ ಗಟ್ಟಿಯಾಗಿ ದನಿ ಬಂತು: “ಬಿಚ್ಚಿದ್ದೀನಿ ಅಣ್ಣ. ಚೈನು ನನ್ ಕೈಲೈತೆ.”

“ಈಗ ನಿಮ್ ಎಡಕ್ಕೆ ಮೇಡಂ. ನಿಧಾನ” ಎಂದ ಸಿದ್ದರಾಜು, ಕಣ್ಣು ಮುಚ್ಚಿಕೊಂಡು.

ಸೂಪರ್‌ವೈಸರ್ ಮತ್ತು ನಾನು ಸೇರಿ ಎಳೆದೆವು. ಕೈ ಹೊರಬಂತು. ನಾಗರತ್ನ ತನ್ನ ವೇಲನ್ನೇ ಬಿಚ್ಚಿ ಕೊಟ್ಟಳು, ಸುತ್ತಿದೆ. ಬಾಗಿಲಲ್ಲಿ ಆಂಬುಲೆನ್ಸ್ ಬಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ಹೆಣಗಿದರು. ಹೆಬ್ಬೆರಳೊಂದು ಉಳಿಯಿತು, ಮಿಕ್ಕ ನಾಲ್ಕೂ ಹೋದವು. ಸಿದ್ದರಾಜುವಿನ ಹೆಂಡತಿ ನನ್ನ ಸೆರಗು ಹಿಡಿದು ಕೇಳಿದ್ದು ಒಂದೇ ಮಾತು: “ಬಲ್ಗೈಯಾ ಮೇಡಂ?” ಹೌದಮ್ಮ ಎಂದೆ. ಇಷ್ಟು ಜೋರಿನ ಬಾಯಿಂದ ಆ ದಿನ ಬಂದದ್ದು ಅಷ್ಟೇ. ಕಾರಿಡಾರಿನ ಬೆಂಚಿನ ಮೇಲೆ ಕೂತು ಅವಳ ಜತೆ ಅತ್ತೆ.

ವಿಚಾರಣೆಯಲ್ಲಿ ಸಿದ್ದರಾಜು, “ಆಫ್ ಮಾಡವ್ವ ಅಂದೆ, ಆಯ್ತು ಅಂದ್ಲು” ಎಂದ. ನಾಗರತ್ನ, “ಆಫ್ ಮಾಡವ್ವ ಅಂದ್ರು, ಆಯ್ತು ಅಂದೆ” ಎಂದಳು. ಇಬ್ಬರದೂ ನಿಜವೇ. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. ಆಫ್ ಮಾಡದೆ ಆಯ್ತು ಅಂದಿದ್ದಾಳೆ, ಅವಳನ್ನು ತೆಗೆದುಬಿಡೋಣ ಎಂದರು. “ಮೊದ್ಲು ಆ ಕೆಟ್ಟ ಸ್ವಿಚ್ ತೆಗೀರಿ, ಆಮೇಲೆ ಅವಳನ್ನ ತೆಗಿಯೋ ಮಾತಾಡಿ” ಎಂದು ನಾನು ಮೇಜು ಕುಟ್ಟಿದೆ. ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸಿದ್ದರಾಜು ಮೆಲ್ಲಗೆ, “ಅವ್ಳೇ ಅಲ್ವಾ ಸಾ ಮಿಕ್ಸರ್ ನಿಲ್ಸಿದ್ದು? ಇಲ್ದಿದ್ರೆ ತೋಳೇ ಹೋಗೋದು” ಎಂದ. ಅವಳು ಕೆಲಸದಲ್ಲಿ ಉಳಿದಳು. ಹೊಸ ಸ್ವಿಚ್ಚೂ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗೆ.

ಅಂದಿನಿಂದ ನನ್ನ ಇಂಡಕ್ಷನ್ನಿನಲ್ಲಿ ಒಂದು ಹೊಸ ನಿಯಮ ಸೇರಿತು. ಕಾರ್ಖಾನೆಯೊಳಗೆ ಯಾರೂ ಬರೀ ‘ಆಯ್ತು’ ಅನ್ನಕೂಡದು. ಮಾಡುವ ಮುಂಚೆ ‘ಮಾಡ್ತೀನಿ’, ಮಾಡಿದ ಮೇಲೆ ‘ಮಾಡಿದ್ದೀನಿ’. ಆಮೇಲೂ, ಕೈ ಹಾಕುವವನು ತಾನೇ ಬೀಗ ಹಾಕಬೇಕು.

ಸಿದ್ದರಾಜು ಕಾರ್ಖಾನೆಗೆ ಮರಳಿ ಸ್ಟೋರ್ಸಿನ ಕೆಲಸಕ್ಕೆ ಸೇರಿದ ಮೇಲೆ, ತಾನಾಗಿಯೇ ನನ್ನ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತ. ಹೊಸಬರ ಮುಂದೆ ನಾನು ಈ ಕಥೆಯನ್ನೆಲ್ಲ ಹೇಳಿದೆ. ಅವನ ಹೆಸರೊಂದನ್ನು ಬಿಟ್ಟು ಏನನ್ನೂ ಮುಚ್ಚಿಡಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು, ಮುಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಕೊನೆಗೆ, ಎಷ್ಟೋ ವರ್ಷದ ರೂಢಿ ನೋಡಿ, ನನ್ನ ಬಾಯಿಯಿಂದ ಬಂದೇಬಿಟ್ಟಿತು:

“ಅರ್ಥ ಆಯ್ತಾ?”

“ಆಯ್ತು ಮೇಡಂ” ಎಂದು ಎಲ್ಲರೂ ಒಟ್ಟಿಗೆ ರಾಗ ಎಳೆದರು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎಲ್ಲರೂ ತಿರುಗಿದರು. ಸಿದ್ದರಾಜು ಎದ್ದು ನಿಂತು, ಹೆಬ್ಬೆರಳೊಂದೇ ಉಳಿದ ಬಲಗೈಯನ್ನು ಮೇಲೆತ್ತಿದ.

“ಏನಾಯ್ತು?” ಎಂದು ಕೇಳಿದ.